ಕೈಗೆ ಮೆತ್ತಗೆ, ಕತ್ತಿಗೆ ಹೇಗೆ? ನಾಲ್ಕು ‘ಮೊಹೇರ್’ ನೂಲುಗಳ ಹೋಲಿಕೆ

ಮುಂಬೈಯ ದಾದರಿನಲ್ಲಾಗಲಿ ಪುಣೆಯ ತುಳಶೀಬಾಗಿನಲ್ಲಾಗಲಿ ‘ಮೊಹೇರ್ ಇದೆಯಾ’ ಎಂದು ಕೇಳಿ ನೋಡಿ. ತುಪ್ಪಳವಿರುವ ಯಾವುದೋ ಒಂದು ಹೆಣಿಗೆ ನೂಲಿನ ಉಂಡೆ ಕೈಗೆ ಬರುತ್ತದೆ. ಹಿಚುಕಿದರೆ ಎಲ್ಲವೂ ಬೆಣ್ಣೆಯೇ. ಅಂಗೈಯನ್ನು ನಂಬಿ ಕೊಂಡವರು ಕೆಡುವುದು ಇಲ್ಲೇ. ಅಂಗೈಯ ಚರ್ಮ ದಪ್ಪ, ಕತ್ತಿನದು ತೆಳು, ಮೇಲೆ ನಮ್ಮ ಕಡೆಯ ಬೆವರು. ಉಂಡೆಯನ್ನು ಕಿವಿಯ ಕೆಳಗೆ ಒತ್ತಿಕೊಂಡು ಎರಡು ನಿಮಿಷ ನಿಂತರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ಅಂಗಡಿಯವರು ನೋಡಿ ನಕ್ಕರೆ ನಗಲಿ.

ಮುಂಬೈಯಲ್ಲಿ ಸ್ವೆಟರ್ ಯಾರಿಗೆ ಬೇಕು ಎನ್ನುವವರು ಎಸಿ ಆಫೀಸಿನಲ್ಲಿ ಎಂಟು ಗಂಟೆ ಕೂತಿಲ್ಲ, ಉದ್ಯಾನ್ ಎಕ್ಸ್‌ಪ್ರೆಸ್ಸಿನ ಥರ್ಡ್ ಎಸಿಯಲ್ಲಿ ರಾತ್ರಿ ಕಳೆದಿಲ್ಲ. ಪುಣೆಯಲ್ಲಂತೂ ಜನವರಿಯ ಬೆಳಗು 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಇಲ್ಲಿ ಬೇಕಾದ್ದು ಹಗುರ ಬಟ್ಟೆ: ಬೆಳಿಗ್ಗೆ ತೊಟ್ಟು, ಹತ್ತು ಗಂಟೆಗೆ ಮಡಚಿ ಚೀಲಕ್ಕೆ ಹಾಕುವಂಥದ್ದು. ಕೆಳಗಿನ ಹೋಲಿಕೆಯೆಲ್ಲ ಈ ಅಳತೆಗೋಲಿನದು. ಮನಾಲಿಗೆ ಹೋಗುವವರ ಲೆಕ್ಕ ಬೇರೆ.

ಮೊದಲು ಹೆಸರಿನ ಗೊಂದಲ. ಮೊಹೇರ್ ಎಂದರೆ ಅಂಗೋರಾ ಆಡಿನ ಕೂದಲು. ‘ಅಂಗೋರಾ’ ಎಂದು ಮಾರುವ ನೂಲು ಅಂಗೋರಾ ಮೊಲದ್ದು. ಎರಡಕ್ಕೂ ಹೆಸರು ಬಂದದ್ದು ತುರ್ಕಿಯ ಅಂಕಾರಾ ಊರಿನ ಹಳೆಯ ಹೆಸರಿನಿಂದ. ಈಗ ಮೊಹೇರ್ ಅತಿ ಹೆಚ್ಚು ಬರುವುದು ದಕ್ಷಿಣ ಆಫ್ರಿಕಾದಿಂದ. ಆಡಿನ ವಯಸ್ಸಿನ ಮೇಲೆ ಮೆದುತನ ನಿಂತಿದೆ. ಮರಿಯ ಕೂದಲು ಸುಮಾರು 24ರಿಂದ 27 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪ, ಬೆಳೆದ ಆಡಿನದು 35ನ್ನೂ ದಾಟುತ್ತದೆ. 30ರ ಮೇಲಾದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಚುಚ್ಚುತ್ತದೆ. ಆದ್ದರಿಂದ ಚೀಟಿಯಲ್ಲಿ ಬರೀ ‘ಮೊಹೇರ್’ ಎಂದಿದೆಯೋ ‘ಕಿಡ್ ಮೊಹೇರ್’ (ಮರಿಯದು) ಎಂದಿದೆಯೋ ನೋಡಿ, ಆಮೇಲೆ ಬಣ್ಣ ನೋಡಿ.

ಚೀಟಿಯೇ ಇಲ್ಲದ ಉಂಡೆಗೆ ಬೆಂಕಿಯೇ ಸಾಕ್ಷಿ. ಹತ್ತು ಸೆಂಟಿಮೀಟರ್ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಲ್ಲಿ ಪುಡಿಯಾದರೆ ಅದು ಪ್ರಾಣಿಯ ಎಳೆ. ಕರಗಿ ಗಟ್ಟಿ ಕಪ್ಪು ಮಣಿಯಾದರೆ ಅಕ್ರಿಲಿಕ್ ಎಂಬ ಕೃತಕ ಎಳೆ. ಎರಡೂ ಆದರೆ ಮಿಶ್ರಣ. ಮಣಿ ಆರುವ ಮೊದಲು ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಹೋಲಿಸಿದ್ದು ನಾಲ್ಕು ಬಗೆ. ಪ್ರತಿಯೊಂದರಲ್ಲೂ 40 ಸ್ಟಿಚ್ ಹಾಕಿ 20 ಸೆಂ.ಮೀ. ಉದ್ದ ಹೆಣೆದು, ತೊಳೆದು, ಹಾಸಿ ಒಣಗಿಸಿ ಅಳೆದದ್ದಾಯಿತು. ಆಮೇಲೆ ಎರಡು ದಿನ ಕ್ಲಿಪ್ಪಿಗೆ ತೂಗುಹಾಕಿ ಮತ್ತೆ ಅಳತೆ. ಕೊನೆಗೆ ಹತ್ತು ಸಾಲು ಬಿಚ್ಚಿ ನೋಡಿದ್ದು.

ಕಿಡ್ ಮೊಹೇರ್-ರೇಷ್ಮೆ. ಡ್ರಾಪ್ಸ್ ಕಂಪನಿಯ ಕಿಡ್-ಸಿಲ್ಕ್‌ನಲ್ಲಿ 75 ಭಾಗ ಮೊಹೇರ್, 25 ರೇಷ್ಮೆ. ರೋವನ್ ಕಂಪನಿಯ ಕಿಡ್‌ಸಿಲ್ಕ್ ಹೇಜ್‌ನಲ್ಲಿ 70, 30. ಎರಡರಲ್ಲೂ 25 ಗ್ರಾಂ ಉಂಡೆಗೆ 210 ಮೀಟರ್. ನಡುವೆ ರೇಷ್ಮೆಯ ಗಟ್ಟಿ ಎಳೆ, ಸುತ್ತ ಮೊಹೇರಿನ ತುಪ್ಪಳ. ಕತ್ತಿಗೆ ಸುತ್ತಿ ಅರ್ಧ ಗಂಟೆ ಕೂತರೂ ನವೆಯಿಲ್ಲ. ತೂಗುಹಾಕಿದ ಮೇಲೆ ಉದ್ದ ಹೆಚ್ಚಿದ್ದು ಅರ್ಧ ಸೆಂ.ಮೀ. ಅಷ್ಟೆ. ನೂಲು ದಾರದಷ್ಟು ತೆಳು ಎಂದು 3 ಮಿ.ಮೀ. ಕಡ್ಡಿ ಹಿಡಿಯಬೇಡಿ, ತುಪ್ಪಳಕ್ಕೆ ಜಾಗ ಸಿಗದೆ ಬಟ್ಟೆ ಕಂಬಳಿಯ ಹಾಗೆ ಬಿಗಿಯುತ್ತದೆ. 4.5ರ ಕಡ್ಡಿಯಲ್ಲಿ 10 ಸೆಂ.ಮೀ.ಗೆ 19 ಸ್ಟಿಚ್ ಬಂದಾಗ ಇದು ಹದ. ಕಡ್ಡಿಯ ಮೇಲಿರುವಾಗ ಸೊಳ್ಳೆಪರದೆಯಂತೆ ಕಂಡದ್ದು ಒಂದು ಸಲ ತೊಳೆದರೆ ತುಂಬಿಕೊಳ್ಳುತ್ತದೆ. 96 ಸೆಂ.ಮೀ. ಎದೆಯಳತೆಯ, ಉದ್ದ ತೋಳಿನ ಸ್ವೆಟರಿಗೆ 5 ಉಂಡೆ ಸಾಕು, ಅಂದರೆ 125 ಗ್ರಾಂ. ಆರನೆಯದನ್ನು ಅದೇ ಡೈ ಲಾಟಿನಲ್ಲಿ (ಒಟ್ಟಿಗೆ ಬಣ್ಣ ಹಾಕಿದ ಕಂತು) ತೆಗೆದಿಡಿ. ಬಿಚ್ಚುವ ಪರೀಕ್ಷೆಯಲ್ಲಿ ಮಾತ್ರ ಇದಕ್ಕೆ ಅತಿ ಕಡಿಮೆ ಅಂಕ. ಆ ಕಥೆ ಕೆಳಗಿದೆ.

ಬ್ರಶ್ ಮಾಡಿದ ಅಲ್ಪಾಕಾ-ರೇಷ್ಮೆ ಮೊಹೇರ್ ಅಲ್ಲ, ಅಲ್ಪಾಕಾ ಎಂದರೆ ಒಂಟೆಯ ಬಳಗದ ದಕ್ಷಿಣ ಅಮೆರಿಕದ ಪ್ರಾಣಿ, ಆದರೂ ಎಲ್ಲರೂ ಬದಲಿಯಾಗಿ ಸೂಚಿಸುವುದು ಇದನ್ನೇ. ಡ್ರಾಪ್ಸ್‌ನದರಲ್ಲಿ 77 ಭಾಗ ಅಲ್ಪಾಕಾ, 23 ರೇಷ್ಮೆ, 25 ಗ್ರಾಂಗೆ 140 ಮೀಟರ್. ಕತ್ತಿಗೆ ಮೊಹೇರಿಗಿಂತಲೂ ಒಂದು ತೂಕ ಹಿತ, ಬಿಚ್ಚುವುದೂ ಸ್ವಲ್ಪ ಸುಲಭ. ತಕರಾರು ಎರಡು. 20 ಸೆಂ.ಮೀ. ಇದ್ದದ್ದು ತೂಗಿದ ಮೇಲೆ ಸುಮಾರು 22ಕ್ಕೆ ಇಳಿದಿತ್ತು. ಈ ಲೆಕ್ಕದಲ್ಲಿ ಮಣಿಕಟ್ಟಿಗೆ ನಿಲ್ಲಬೇಕಾದ ತೋಳು ಸಂಜೆಗೆ ಅಂಗೈ ಮುಟ್ಟುತ್ತದೆ, ತೋಳನ್ನು 3 ಸೆಂ.ಮೀ. ಗಿಡ್ಡ ಹೆಣೆಯಿರಿ. ಎರಡನೆಯದು ಸೆಕೆ. ಅದೇ ಸ್ವೆಟರಿಗೆ 8 ಉಂಡೆ, 200 ಗ್ರಾಂ. ಪುಣೆಯಲ್ಲಿ ಬೆಳಗಿನ ವಾಕಿಂಗಿಗೆ ಸರಿ, ಬಾಂದ್ರಾದ ಆಫೀಸಿಗೆ ಬೇಡ. ಕಪ್ಪು ಪ್ಯಾಂಟಿನ ಮೇಲೆ ಬಿಳಿ ಅಲ್ಪಾಕಾ ತೊಟ್ಟವರ ಮನೆಯಲ್ಲಿ ಬೆಕ್ಕಿದೆ ಎಂದು ಜನ ತಿಳಿಯುತ್ತಾರೆ.

ಬೆಳೆದ ಆಡಿನ ದಪ್ಪ ಮೊಹೇರ್, ನೈಲಾನ್ ಮತ್ತು ಉಣ್ಣೆ ಬೆರೆಸಿದ್ದು. 50 ಗ್ರಾಂಗೆ 100 ಮೀಟರಿನ ಆಸುಪಾಸು, 6 ಮಿ.ಮೀ. ಕಡ್ಡಿ. ಹೊಳಪು ಚೆಂದ, ಗಟ್ಟಿಮುಟ್ಟು, ನಾಲ್ಕೇ ಸಂಜೆಯಲ್ಲಿ ಬೆನ್ನಿನ ಭಾಗ ಮುಗಿಯುತ್ತದೆ. ಆದರೆ ಕತ್ತಿನ ಹತ್ತಿರ ಐದು ನಿಮಿಷ ತಡೆಯಲಾಗಲಿಲ್ಲ, ಇಡೀ ಸ್ವೆಟರ್ 400 ಗ್ರಾಂ ತೂಗುತ್ತದೆ. ಶಾಲಿಗೂ ಸೋಫಾದ ಹೊದಿಕೆಗೂ ಕೊಳ್ಳಿ, ಮೈಗೆ ಬೇಡ.

ಇನ್ನು ಅಕ್ರಿಲಿಕ್ ‘ಮೊಹೇರ್’. ಚುಚ್ಚುವುದಿಲ್ಲ, ಹುಳ ತಿನ್ನುವುದಿಲ್ಲ, ತೂಗಿದರೂ ಇಳಿಯಲಿಲ್ಲ. ಬೆವರು ಮಾತ್ರ ಒಳಗೇ ನಿಲ್ಲುತ್ತದೆ, ಕಂಕುಳಿನಲ್ಲಿ ಬೇಗ ಉಂಡೆಗಟ್ಟುತ್ತದೆ. ಇಸ್ತ್ರಿ ತಾಗಿಸಿದಿರೋ, ಬಟ್ಟೆ ಜೀವ ಕಳೆದುಕೊಂಡು ಜೋತು ಬೀಳುತ್ತದೆ, ಮತ್ತೆ ಸರಿಹೋಗುವುದಿಲ್ಲ. ತುಪ್ಪಳದ ನೂಲಿಗೆ ಕೈ ಪಳಗಿಸಲು ಒಂದು ಉಂಡೆ ತರಬಹುದು. ಒಂದು ಎಚ್ಚರಿಕೆ ನಾಲ್ಕಕ್ಕೂ ಅನ್ವಯ: ಹಸುಗೂಸಿಗೆ ತುಪ್ಪಳದ ನೂಲು ಬೇಡ, ಎಳೆ ಬಾಯಿಗೆ ಹೋಗುತ್ತದೆ.

ಹೀಗೆ ಮೈಮೇಲೆ ತೊಡುವುದಕ್ಕೆ ಕಿಡ್ ಮೊಹೇರ್-ರೇಷ್ಮೆಯೇ, ಅದೂ ಒಂಟಿ ಎಳೆಯಲ್ಲಿ. ಬೆಲೆ ಹೋಲಿಸುವಾಗ ಗ್ರಾಂ ಬಿಡಿ, ಮೀಟರ್ ಲೆಕ್ಕ ಹಾಕಿ. 25 ಗ್ರಾಮಿನ ಪುಟ್ಟ ಉಂಡೆ ದುಬಾರಿ ಎನಿಸುತ್ತದೆ, ಆದರೆ ಅದು ದಪ್ಪ ನೂಲಿನ 100 ಗ್ರಾಂ ಓಡುವಷ್ಟು ದೂರ ಓಡುತ್ತದೆ.

ಈಗ ಬಿಚ್ಚುವ ಕಥೆ. ತಪ್ಪು ಹೆಚ್ಚಾಗಿ ಆಗುವುದು ಮೊಂಡು ತುದಿಯ ಕಡ್ಡಿಯಿಂದ. ತುದಿ ತುಪ್ಪಳವನ್ನಷ್ಟೇ ಎತ್ತಿಕೊಂಡು ನಡುವಿನ ರೇಷ್ಮೆ ಎಳೆಯನ್ನು ಬಿಟ್ಟುಬಿಡುತ್ತದೆ. ಆಗ ಏನೂ ಕಾಣಿಸುವುದಿಲ್ಲ, ತುಪ್ಪಳವೇ ಸ್ಟಿಚ್ಚನ್ನು ಹಿಡಿದಿರುತ್ತದೆ. ನಾಲ್ಕು ಸಾಲು ಮೇಲೆ ಹೋದ ಮೇಲೆ ಬೆಳಕಿಗೆ ಹಿಡಿದರೆ ಅಲ್ಲೊಂದು ಅಡ್ಡ ಗೆರೆ, ಪಕ್ಕದಲ್ಲಿ ತೂತು. ಪ್ರತಿ ಸಾಲಿನ ಕೊನೆಗೆ ಸ್ಟಿಚ್ ಎಣಿಸುವುದು ಬೇಸರದ ಕೆಲಸ, ಬಿಚ್ಚುವುದು ಅದಕ್ಕಿಂತ ಬೇಸರ. 20 ಸಾಲಿಗೊಮ್ಮೆ ಎಲ್ಲ ಸ್ಟಿಚ್ಚುಗಳೊಳಗಿಂದ ನುಣುಪಾದ ಹತ್ತಿ ದಾರ ಪೋಣಿಸಿಡಿ. ಕೆಟ್ಟರೆ ಅಲ್ಲಿಯವರೆಗೆ ಮಾತ್ರ ಬಿಚ್ಚಿದರಾಯಿತು.

ಬಿಚ್ಚಲೇಬೇಕಾದರೆ ಹೆಣಿಗೆಯನ್ನು ಕಡ್ಡಿಯ ಸಮೇತ ಜಿಪ್ ಚೀಲದಲ್ಲಿ ಕಟ್ಟಿ ಒಂದೆರಡು ಗಂಟೆ ಫ್ರೀಜರಿನಲ್ಲಿಡಿ. ತಣ್ಣಗಾದ ತುಪ್ಪಳದ ಹಿಡಿತ ಸಡಿಲವಾಗುತ್ತದೆ. ಎರಡು ಮೂರು ಸ್ಟಿಚ್ಚಿನಂತೆ ಮೆಲ್ಲಗೆ ಎಳೆಯಿರಿ. ಸಿಕ್ಕಿಕೊಂಡಲ್ಲಿ ಜಗ್ಗದೆ, ಎರಡು ಸ್ಟಿಚ್ಚಿಗೆ ಸೇತುವೆಯಾದ ಕೂದಲನ್ನು ಮಾತ್ರ ಸಣ್ಣ ಕತ್ತರಿಯಿಂದ ತುಂಡರಿಸಿ. ಒಂದೇ ನೂಲನ್ನು ಮೂರನೆಯ ಸಲ ಹೆಣೆಯುವ ಹೊತ್ತಿಗೆ ತುಪ್ಪಳ ಉದುರಿ ಬಡಕಲಾಗಿರುತ್ತದೆ. ಅದನ್ನು ಹೊಲಿಗೆಯ ಒಳಭಾಗಕ್ಕೆ ಬಳಸಿ.

ವಿನ್ಯಾಸದಲ್ಲಿ ದುಡುಕಬೇಡಿ. ಜಡೆಯಂಥ ಕೇಬಲ್, ಸಣ್ಣ ಜಾಲರಿ ಎಲ್ಲ ತುಪ್ಪಳದಲ್ಲಿ ಮುಳುಗಿಹೋಗುತ್ತವೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಸಾಕು. ಮೊಹೇರಿಗೆ ಕುರಿ ಉಣ್ಣೆಯ ಸುರುಳಿಯಿಲ್ಲ, ಹಾಗಾಗಿ ಬಾರ್ಡರ್ ಹಿಗ್ಗಿದರೆ ಹಿಂದೆ ಕುಗ್ಗುವುದಿಲ್ಲ. ಬಾರ್ಡರಿಗೆ 3.5ರ ಕಡ್ಡಿ ಹಿಡಿದು ನೂಲು ಎರಡೆಳೆ ಮಾಡಿಕೊಳ್ಳಿ. ಕತ್ತಿನ ಸ್ಟಿಚ್ ಮುಚ್ಚುವಾಗ ಇದಕ್ಕೆ ತದ್ವಿರುದ್ಧ, ಕಡ್ಡಿ 5ರದು, ಕೈ ಸಡಿಲ. ಇಲ್ಲವಾದರೆ ತಲೆ ತೂರುವುದಿಲ್ಲ.

ತೊಳೆಯಲು ಅರ್ಧ ಬಕೆಟ್ ತಣ್ಣೀರಿಗೆ ಒಂದು ಚಮಚ ಶ್ಯಾಂಪೂ, ಹತ್ತು ನಿಮಿಷ ನೆನೆಸಿ, ಉಜ್ಜಬೇಡಿ, ಹಿಂಡಬೇಡಿ. ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಫ್ಯಾನಿನಡಿ ಹಾಸಿ. ಬಿಸಿಲಿಗೆ ಹಾಕಿದರೆ ರೇಷ್ಮೆ ಸೊರಗುತ್ತದೆ. ಒಣಗಿದ ಮೇಲೆ ಎರಡು ಸಲ ಕೊಡವಿ, ತುಪ್ಪಳ ಎದ್ದು ನಿಲ್ಲುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ಒಂದೇ ಸಲ ತೊಟ್ಟದ್ದಾದರೂ ತೊಳೆದೇ ಇಡಬೇಕು, ಹುಳಕ್ಕೆ ಬೆವರಿನ ಕಲೆ ಇರುವ ಜಾಗವೇ ಇಷ್ಟ. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಗೆ ಹಾಕಿ, ಗಣೇಶನ ಹಬ್ಬದ ಹೊತ್ತಿಗೆ ಒಮ್ಮೆ ತೆಗೆದು ಗಾಳಿಯಾಡಿಸಿ.