ಬತ್ತಿಯೋ, ಸೀಲಂಟೋ? ಬೈಕ್ ಪ್ರಯಾಣಕ್ಕೆ ಪಂಕ್ಚರ್ ಸಾಮಾನು

ಚಾರ್ಮಾಡಿ ಘಾಟಿ ಇಳಿಯುವಾಗ ಹಿಂದಿನ ಟೈರಿಗೆ ಮೊಳೆ ಹೊಕ್ಕಿತು. ಸಂಜೆ ಆರು ಗಂಟೆ, ಜಿಟಿಜಿಟಿ ಮಳೆ. ಕೊಟ್ಟಿಗೆಹಾರ ಹಿಂದೆ ಉಳಿದಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಸೀಲಂಟ್ ಡಬ್ಬಿ ಮಾತ್ರ, ಅಂದರೆ ಟೈರಿನೊಳಗೆ ತುಂಬಿ ತೂತು ಮುಚ್ಚುವ ಅಂಟು ದ್ರವ. ಮೊಳೆ ಕಿತ್ತು, ವಾಲ್ವ್‌ಗೆ ಡಬ್ಬಿ ಒತ್ತಿದೆ. ಬಿಳಿ ನೊರೆ ತೂತಿನಿಂದಲೇ ಹೊರಗೆ ಚಿಮ್ಮಿತು. ಲಾರಿಯವರೊಬ್ಬರು ಗಾಡಿ ಹತ್ತಿಸಿಕೊಂಡು ಉಜಿರೆ ತನಕ ಬಿಟ್ಟರು. ಅವರ ಉಪಕಾರ ಮರೆಯಲಾರೆ.

ಆಮೇಲೆ ಮನೆ ಹಿಂದೆ ಹಳೇ ಟ್ಯೂಬ್‌ಲೆಸ್ ಟೈರ್ ಇಟ್ಟುಕೊಂಡು, ಅದಕ್ಕೆ ನಾನೇ ಮೊಳೆ ಹೊಡೆದು, ತೂತು ಮುಚ್ಚುವ ಸಾಮಾನುಗಳನ್ನು ಒಂದೊಂದಾಗಿ ಹಾಕಿ ನೋಡಿದೆ.

ಸೀಲಂಟ್ ಸಣ್ಣ ತೂತಿಗೆ ಪರವಾಗಿಲ್ಲ. ದಪ್ಪ ಮೊಳೆಗೆ ಆಗುವುದಿಲ್ಲ. ಒಳಗೆಲ್ಲ ಅಂಟು ಹರಡುವುದರಿಂದ ಆಮೇಲೆ ಪಂಕ್ಚರ್ ಅಂಗಡಿಯವರು ಬೈಯುತ್ತಾರೆ, ಅದು ನ್ಯಾಯವೇ.

ಅಣಬೆ ಪ್ಲಗ್, ಅಂದರೆ ತೂತಿಗೆ ಹಾಕುವ ಅಣಬೆ ಆಕಾರದ ರಬ್ಬರ್ ಬಿರಡೆ, ನೋಡಲು ಅಚ್ಚುಕಟ್ಟು. ಆದರೆ ಅದನ್ನು ತಳ್ಳುವ ಉಪಕರಣದ ಸ್ಕ್ರೂ ತಿರುಗಿಸಲು ಒಣಗಿದ ಕೈ, ಒಳ್ಳೆ ಬೆಳಕು ಎರಡೂ ಬೇಕು. ಮಳೆಯಲ್ಲಿ ಅವೆರಡೂ ಎಲ್ಲಿ ಸಿಗುತ್ತವೆ?

ನನಗೆ ಒಪ್ಪಿಗೆಯಾದದ್ದು ಬತ್ತಿ. ಪಂಕ್ಚರ್ ಅಂಗಡಿಯಲ್ಲಿ ಹಾಕುವ ಅದೇ ಕಂದು ಬಣ್ಣದ, ದಪ್ಪ ದಾರದಂಥ ಅಂಟು ಬತ್ತಿ. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ಎಂದು ಮೊದಲು ನೋಡಿಕೊಳ್ಳಬೇಕು. ಬತ್ತಿಯನ್ನು ಸೂಜಿಗೆ ಪೋಣಿಸಿ ಸಿದ್ಧ ಮಾಡಿಕೊಳ್ಳುವವರೆಗೆ ಮೊಳೆ ಕೀಳಬಾರದು, ಸುಮ್ನೆ ಗಾಳಿ ಹೋಗುತ್ತದೆ. ಕಿತ್ತ ಮೇಲೆ ಅದೇ ಓರೆಯಲ್ಲಿ ರೀಮರ್ (ತೂತು ಉಜ್ಜುವ ಒರಟು ಕಡ್ಡಿ) ಹಾಕಿ ನಾಲ್ಕೈದು ಸಲ ಉಜ್ಜಬೇಕು. ನಂತರ ಬತ್ತಿಯ ಎರಡೂ ತುದಿ ಅರ್ಧ ಇಂಚು ಹೊರಗೆ ಉಳಿಯುವಷ್ಟು ತಳ್ಳಿ, ಸೂಜಿಯನ್ನು ಒಂದೇ ಸಲಕ್ಕೆ ಜಗ್ಗಬೇಕು. ಮೇಲೆ ಸ್ವಲ್ಪ ಎಂಜಲು ಸವರಿ: ಗುಳ್ಳೆ ಏಳದಿದ್ದರೆ ಕೆಲಸ ಮುಗಿಯಿತು. ಟೈರಿನ ಪಕ್ಕದ ಗೋಡೆ ಹರಿದಿದ್ದರೆ ಮಾತ್ರ ಬತ್ತಿ ನಂಬಬೇಡಿ.

ತೂತು ಮುಚ್ಚಿದರೆ ಸಾಲದು, ಗಾಳಿ ಬೇಕಲ್ವಾ? 16 ಗ್ರಾಂನ ಪುಟ್ಟ ಸಿಒ2 (ಇಂಗಾಲದ ಡೈಆಕ್ಸೈಡ್ ಅನಿಲ) ಸಿಲಿಂಡರ್ ಕ್ಷಣದಲ್ಲಿ ಗಾಳಿ ತುಂಬುತ್ತದೆ, ಹಿಡಿದ ಬೆರಳು ಮರಗಟ್ಟುವಷ್ಟು ತಣ್ಣಗಾಗುತ್ತದೆ. ಆದರೆ ನನ್ನ ಹಿಂದಿನ ಟೈರಿಗೆ ಒಂದು ಸಾಕಾಗಲಿಲ್ಲ, ಬತ್ತಿ ಸರಿಯಾಗಿ ಕೂರದಿದ್ದರೆ ಅದೂ ದಂಡ. ಚಾರ್ಜ್ ಮಾಡುವ ಪಂಪ್ ಹಗುರ, ಆದರೆ ತಿಂಗಳುಗಟ್ಟಲೆ ಬ್ಯಾಗಿನಲ್ಲೇ ಬಿದ್ದಿದ್ದ ನನ್ನದರಲ್ಲಿ ಬೇಕಾದಾಗ ಚಾರ್ಜ್ ಇರಲಿಲ್ಲ. ಕಾಲಿನ ಪಂಪ್ ಭಾರ ಜಾಸ್ತಿ. ಕೊನೆಗೆ ಬೈಕಿನ ಬ್ಯಾಟರಿಗೆ ನೇರ ಸಿಕ್ಕಿಸುವ 12 ವೋಲ್ಟ್ ಪಂಪ್ ಉಳಿಸಿಕೊಂಡೆ. ನಿಧಾನ, ಸದ್ದೂ ಜಾಸ್ತಿ. ಆದರೆ ಎಷ್ಟು ಸಲ ಬೇಕಾದರೂ ತುಂಬಬಹುದು.

ಕಡ್ಡಿ ಚಕ್ರದ ಟ್ಯೂಬ್ ಟೈರ್ ಇರುವವರಿಗೆ ಬತ್ತಿಯಿಂದ ಪ್ರಯೋಜನವಿಲ್ಲ. ಅವರು ಒಂದು ಟ್ಯೂಬ್, ಟೈರನ್ನು ರಿಮ್ಮಿನಿಂದ ಎಬ್ಬಿಸುವ ಎರಡು ಟೈರ್ ಲಿವರ್, ಚಕ್ರ ಬಿಚ್ಚುವ ಸ್ಪ್ಯಾನರ್ ಇಟ್ಟುಕೊಳ್ಳಲೇಬೇಕು. ಪಂಕ್ಚರ್ ಅಲ್ಲದೆ, ಹೆಚ್ಚುವರಿ ಕ್ಲಚ್ ಕೇಬಲ್ ಎಲ್ಲರಿಗೂ ಬೇಕು. ನಾನು ಹೊಸದನ್ನು ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿದ್ದೇನೆ, ಬ್ಯಾಗಿನ ಜಾಗ ಉಳಿಯಿತು. ಬೆಳಕಿಗೆ ತಲೆಗೆ ಕಟ್ಟುವ ಟಾರ್ಚ್. ಫೋನ್ ಹಿಡಿದರೆ ಒಂದು ಕೈ ಅದಕ್ಕೇ ಹೋಗುತ್ತದೆ.

ಈ ಪೊಟ್ಟಣವನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುಂಚೆ, ಬಿಚ್ಚಿ ನೋಡುತ್ತೇನೆ. ಈ ಸಲ ಬತ್ತಿಗೆ ಸವರುವ ಗೋಂದಿನ ಟ್ಯೂಬ್ ಒಣಗಿ ಕಲ್ಲಾಗಿತ್ತು. ಹೊಸದು ತಂದಿಟ್ಟೆ.