ಶ್ರೀಲಂಕಾದಲ್ಲಿ ಬಾಡಿಗೆ ಆಟೋ: ಮಜಾ ಇದೆ, ಬ್ರೇಕ್ ಮಾತ್ರ ನೋಡ್ಕೊಂಡು ತಗೊಳ್ಳಿ

ಚಿಕ್ಕಮಗಳೂರಿನವ್ರಿಗೆ ಘಾಟಿ ಏನ್ ಹೊಸದಾ ಅಂತ ಜಂಬದಲ್ಲಿ ನಾನೂ ನಮ್ ಭಾವನೂ ಶ್ರೀಲಂಕಾದಲ್ಲಿ ಎಂಟು ದಿನಕ್ಕೆ ಆಟೋ ಬಾಡಿಗೆಗೆ ತಗೊಂಡ್ವಿ, ಅಲ್ಲಿ ಟುಕ್‌ಟುಕ್ ಅಂತಾರೆ, ನಾವೇ ಓಡಿಸ್ಬೇಕು. ಇಂಟರ್‌ನ್ಯಾಷನಲ್ ಪರ್ಮಿಟ್ ಜೊತೆ ಅಲ್ಲಿನ ಲೋಕಲ್ ಪರ್ಮಿಟ್ಟೂ ಬೇಕು, ಅದನ್ನ ಆಟೋ ಬಾಡಿಗೆ ಕೊಟ್ಟವ್ರೇ ಮಾಡ್ಸಿಟ್ಟಿದ್ರು, ಅದಕ್ಕೆ ಫುಲ್ ಮಾರ್ಕ್ಸ್. ಎಕ್ಸ್‌ಪ್ರೆಸ್‌ವೇಗೆ ತ್ರೀವೀಲರ್ ಬಿಡಲ್ಲ, ಹಳೇ ರೋಡೇ ಗತಿ.

ಕ್ಯಾಂಡಿ ದಾಟಿ ರಂಬೊಡ ಹತ್ರ ಏರು ಶುರುವಾಯ್ತು ನೋಡಿ! ಮೇಲಿರೋ ನುವರ ಎಲಿಯ ಊರು 1868 ಮೀಟರ್ ಎತ್ತರ, ನಮ್ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಕಮ್ಮಿ, ಆ ಪುಟ್ಟ ಇಂಜಿನ್ನು ಇಬ್ರು ದಪ್ಪ ಆಸಾಮಿ ಮತ್ತೆ ಲಗೇಜ್ ಎಳೀಲಾರ್ದೆ ಫಸ್ಟ್ ಗೇರಲ್ಲೇ ನರಳ್ತಿತ್ತು, ಒಂದ್ ತಿರುವಲ್ಲಿ ಭಾವ ಇಳಿದು ನಡ್ಕೊಂಡು ಹೋಗಿ ನನಗಿಂತ ಮುಂಚೆ ಟೀ ಅಂಗಡಿ ಮುಟ್ಟಿದ್ರು. ಸುತ್ತ ಬರೀ ಟೀ ತೋಟ. ಒಂದ್ ಕಾಲಕ್ಕೆ ಇಲ್ಲೂ ಕಾಫೀನೇ ಇತ್ತಂತೆ, 1869ರಲ್ಲಿ ಎಲೆ ತುಕ್ಕು ರೋಗ ಬಂದು ಆಮೇಲೆ ಎಲ್ಲಾ ಹೋಯ್ತು, ಕೇಳಿ ಹೊಟ್ಟೆ ಚುರ್ ಅಂತು.

‘ಎಲ್ಲ’ ಅನ್ನೋ ಊರಿನ ಕಡೆಗೆ ಇಳಿಯೋವಾಗ ಬ್ರೇಕ್ ಹಿಡೀಲಿಲ್ಲ, ಗೇರಲ್ಲೇ ತಡ್ಕೊಂಡು ಬಂದ್ವಿ, ಎದೆ ಢವಢವ. ಫೋನ್ ಮಾಡಿದ್ರೆ ಮೆಕ್ಯಾನಿಕ್ ಎರಡೇ ಗಂಟೇಲಿ ಬಂದ, ಪಾಪ ಒಳ್ಳೇ ಹುಡುಗ. ಡೆಪಾಸಿಟ್ ಮಾತ್ರ ಮೂರು ವಾರ ಸತಾಯಿಸಿ ಕೊಟ್ರು. ಐದಕ್ಕೆ ಮೂರು ಸ್ಟಾರ್, ಭಾವ ಕೇಳಿದ್ರೆ ಒಂದೂ ಕೊಡಲ್ಲ.