ಬಿಯರ್‌ಸ್ಮಿತ್: 19 ಲೀಟರಿನ ಬಿಯರನ್ನು 38 ಲೀಟರಿಗೆ ಹಿಗ್ಗಿಸುವಾಗ

ಒರೆಗಾನ್ ರಾಜ್ಯದ ಪೋರ್ಟ್‌ಲೆಂಡಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಮ್ಮೆಗೆ 5 ಗ್ಯಾಲನ್, ಎಂದರೆ ಸುಮಾರು 19 ಲೀಟರ್ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರ್ ತಯಾರಿಸುತ್ತಿದ್ದ ನಾನು, ಕಳೆದ ಬೇಸಿಗೆಯಲ್ಲಿ 15 ಗ್ಯಾಲನ್ ಹಿಡಿಯುವ ಸ್ಟೀಲ್ ಹಂಡೆಯೊಂದನ್ನು ಕೊಂಡು ಪ್ರಮಾಣವನ್ನು ಇಮ್ಮಡಿಗೊಳಿಸಲು ಹೊರಟೆ. ಮೊದಲ ಸಲ ಬಿಯರ್‌ಸ್ಮಿತ್‌ನಂಥ, ಬಿಯರ್ ತಯಾರಿಕೆಯ ಲೆಕ್ಕ ಹಾಕಿಕೊಡುವ ಯಾವ ತಂತ್ರಾಂಶದ ಗೊಡವೆಗೂ ಹೋಗದೆ ಎಲ್ಲವನ್ನೂ ಎರಡರಿಂದ ಗುಣಿಸಿದೆ. 4.5 ಕಿಲೋ ಮಾಲ್ಟ್, ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, 9 ಕಿಲೋ ಆಯಿತು. ಕುದಿಯಲು ಇಡುತ್ತಿದ್ದ 25 ಲೀಟರ್ ವರ್ಟ್, ಎಂದರೆ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಇಳಿಸಿದ ಸಿಹಿ ದ್ರವ, 50 ಲೀಟರ್ ಆಯಿತು. ಕುದಿಸಿದ ಕೊನೆಯಲ್ಲಿ 1.050 ಇರಬೇಕಾಗಿದ್ದ ಸಾಂದ್ರತೆ (ನೀರನ್ನು 1.000 ಎಂದಿಟ್ಟುಕೊಂಡು ಸಕ್ಕರೆಯ ಅಂಶವನ್ನು ತೋರಿಸುವ ಅಂಕಿ) 1.046ಕ್ಕೆ ನಿಂತಿತು, ಹಂಡೆಯಲ್ಲಿ ಎರಡೂವರೆ ಲೀಟರಿನಷ್ಟು ದ್ರವ ಹೆಚ್ಚಾಗಿಯೇ ಉಳಿದಿತ್ತು.

ಮದುವೆಮನೆಯ ಅಡುಗೆಭಟ್ಟರು ಹತ್ತು ಜನರ ಸಾರಿನ ಲೆಕ್ಕವನ್ನು ನೂರು ಜನರಿಗೆ ಹತ್ತುಪಟ್ಟು ಮಾಡುವುದಿಲ್ಲ ಎಂಬುದು ಗೊತ್ತಿದ್ದೂ ನಾನು ಹಾಗೆ ಮಾಡಿದ್ದೆ. ಗಂಟೆಗೆ ಎಷ್ಟು ನೀರು ಆವಿಯಾಗುತ್ತದೆ ಎಂಬುದನ್ನು ಹಂಡೆಯ ಬಾಯಗಲ ಮತ್ತು ಉರಿಯ ಬಲ ನಿರ್ಧರಿಸುತ್ತವೆಯೇ ಹೊರತು ಒಳಗಿರುವ ದ್ರವದ ಪ್ರಮಾಣ ನಿರ್ಧರಿಸುವುದಿಲ್ಲ. ಹಳೆಯ ಪಾತ್ರೆಯಲ್ಲಿ ಗಂಟೆಗೆ 4 ಲೀಟರ್ ಆರುತ್ತಿತ್ತು. ಹೊಸದರಲ್ಲಿ 8 ಲೀಟರ್ ಆರಬೇಕೆಂದು ನಾನು ಎಣಿಸಿದ್ದೆ, ಆರಿದ್ದು ಐದೂವರೆ. ಜೊತೆಗೆ, ಮಾಲ್ಟಿನ ಹಾಸು ದಪ್ಪವಾದದ್ದರಿಂದ ಸಕ್ಕರೆಯೂ ಮೊದಲಿನಷ್ಟು ಚೆನ್ನಾಗಿ ಇಳಿಯಲಿಲ್ಲ.

ಎರಡನೆಯ ಸಲ ಬ್ರಾಡ್ ಸ್ಮಿತ್ ಅವರು ರೂಪಿಸಿದ ಬಿಯರ್‌ಸ್ಮಿತ್ ತಂತ್ರಾಂಶವನ್ನು ಬಳಸಿದೆ. ಇದರ ನಿಜವಾದ ಮೌಲ್ಯ ಇರುವುದು ‘ಸ್ಕೇಲ್ ರೆಸಿಪಿ’ ಎಂಬ ಒಂದು ಗುಂಡಿಯಲ್ಲಿ. ಹೊಸ ಹಂಡೆಯ ವಿವರವನ್ನು, ಎಂದರೆ ಗಂಟೆಗೆ ಆರುವ ನೀರು, ತಳದಲ್ಲಿ ಗಸಿಯೊಂದಿಗೆ ಉಳಿದು ನಷ್ಟವಾಗುವ ವರ್ಟ್, ಮಾಲ್ಟಿನಿಂದ ಸಕ್ಕರೆ ಇಳಿಯುವ ದಕ್ಷತೆ ಇತ್ಯಾದಿಗಳನ್ನು ಒಮ್ಮೆ ತುಂಬಿಟ್ಟರೆ, ಅದು ಮೂಲ ಪಾಕವಿಧಾನದ ಸಾಂದ್ರತೆ, ಕಹಿ ಮತ್ತು ಬಣ್ಣಗಳನ್ನು ಗುರಿಯಾಗಿಟ್ಟುಕೊಂಡು ಮಾಲ್ಟನ್ನೂ, ಕಹಿ ಮತ್ತು ಪರಿಮಳಕ್ಕೆ ಹಾಕುವ ಹಾಪ್ಸ್ ಹೂವನ್ನೂ ಹೊಸದಾಗಿ ಲೆಕ್ಕ ಹಾಕಿ ಕೊಡುತ್ತದೆ. ನನ್ನ 9 ಕಿಲೋ ಮಾಲ್ಟನ್ನು ಅದು ಸ್ವಲ್ಪ ಏರಿಸಿತು, ಕುದಿಸುವ ಮುನ್ನಿನ ದ್ರವವನ್ನು ಇಳಿಸಿತು. ಆ ಸಲದ ಸಾಂದ್ರತೆ 1.049 ಬಂದಿತು, ಮನೆಯ ತಯಾರಿಕೆಗೆ ಇಷ್ಟು ಧಾರಾಳ ಸಾಕು.

ಆದರೆ ಲೆಕ್ಕ ಸರಿಹೋಗುವುದು ನಾವು ತುಂಬಿದ ಅಂಕಿಗಳು ಸರಿಯಿದ್ದರೆ ಮಾತ್ರ. ತಂತ್ರಾಂಶದೊಳಗೆ ಮೊದಲೇ ಸಿದ್ಧವಿರುವ ಪಾತ್ರೆಗಳ ವಿವರಗಳು ಅಂದಾಜಿನವು. ಅವನ್ನು ನಂಬಿ ಕೂರುವ ಬದಲು, ಹಂಡೆಯಲ್ಲಿ ಬರಿಯ ನೀರನ್ನು ಒಂದು ಗಂಟೆ ಕುದಿಸಿ ಎಷ್ಟು ಆರಿತೆಂದು ಅಳೆದು ಬರೆದಿಡುವುದು ಉತ್ತಮ. ನಾನು ಒಂದು ಭಾನುವಾರವನ್ನು ಇದಕ್ಕೇ ಕಳೆದೆ, ಮನೆಯವರ ಗೇಲಿಯನ್ನೂ ಕೇಳಿದೆ. ಪರದೆಯ ತುಂಬ ಕಿಕ್ಕಿರಿದ ಅಂಕಣಗಳು ಹೊಸಬರನ್ನು ಹೆದರಿಸುತ್ತವೆ ಎಂಬುದೂ ನಿಜ.

ಯೀಸ್ಟಿನ ಲೆಕ್ಕಕ್ಕೆ ತಂತ್ರಾಂಶದಲ್ಲಿ ಬೇರೆಯೇ ಪುಟವಿದೆ. 1.050ರ ಏಲ್ 38 ಲೀಟರ್ ಹುದುಗಲು ಸುಮಾರು 350 ಶತಕೋಟಿ ಕೋಶಗಳು ಬೇಕಾಗುತ್ತವೆ. ಸಾಮಾನ್ಯ ಲೆಕ್ಕದಲ್ಲಿ ಒಣ ಯೀಸ್ಟಿನ ಎರಡು ಪೊಟ್ಟಣ. ಇಲ್ಲಿ ಮಾತ್ರ ಎರಡರಿಂದ ಗುಣಿಸುವ ನನ್ನ ಹಳೆಯ ದಾರಿಯೇ ಸರಿಯಿತ್ತು.

ತಣಿಸುವ ಹಂತದಲ್ಲಿ ಹೆಚ್ಚಿನ ಎಚ್ಚರ ಬೇಕು. 19 ಲೀಟರಿಗೆ ಇಪ್ಪತ್ತು ನಿಮಿಷ ಹಿಡಿಯುತ್ತಿದ್ದ ತಾಮ್ರದ ಸುರುಳಿ 38 ಲೀಟರಿಗೆ ಮುಕ್ಕಾಲು ಗಂಟೆ ತೆಗೆದುಕೊಂಡಿತು. ವರ್ಟ್ 80 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರುವಷ್ಟು ಹೊತ್ತೂ ಹಾಪ್ಸಿನಿಂದ ಕಹಿ ಇಳಿಯುತ್ತಲೇ ಇರುವುದರಿಂದ, ಪರಿಮಳಕ್ಕೆಂದು ಉರಿ ಆರಿಸಿದ ಮೇಲೆ ಹಾಕಿದ ಕ್ಯಾಸ್ಕೇಡ್ ಎಂಬ ತಳಿಯ ಹಾಪ್ಸ್ ಕಹಿಯನ್ನೂ ಹೆಚ್ಚಿಸಿತು. ತಣಿಯಲು ಹಿಡಿಯುವ ಸಮಯವನ್ನು ನಾನು ತಂತ್ರಾಂಶದಲ್ಲಿ ಹೊಂದಿಸಿರಲಿಲ್ಲ, ಆದ್ದರಿಂದ ತಪ್ಪು ನನ್ನದೇ. ಈಗ ಮೊದಲು 75 ಡಿಗ್ರಿಗೆ ಇಳಿಸಿ, ಆಮೇಲೆ ಹಾಪ್ಸ್ ಹಾಕುತ್ತೇನೆ.

ಅಮೆರಿಕದ 1978ರ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಬಹುದು. ಹೊಸ ಹಂಡೆಯಲ್ಲಿ ಅದು ಇಪ್ಪತ್ತು ಸಲದ ಕೆಲಸ. ವರ್ಷಕ್ಕೆ ಎರಡು ಮೂರು ಸಲ ಮಾತ್ರ, ಅದೂ ಒಂದೇ ಪಾತ್ರೆಯಲ್ಲಿ ತಯಾರಿಸುವವರಿಗೆ ಈ ತಂತ್ರಾಂಶದ ಅಗತ್ಯವಿಲ್ಲ, ಒಂದು ನೋಟ್‌ಪುಸ್ತಕ ಸಾಕು. ಪಾತ್ರೆ ಬದಲಿಸುವವರು ಮಾತ್ರ ಮೊದಲು ಉಚಿತ ಪ್ರಯೋಗದ ಆವೃತ್ತಿಯಲ್ಲಿ ತಮ್ಮ ಹಂಡೆಯ ಅಳತೆಯನ್ನು ತುಂಬಿ ನೋಡಿ, ಆಮೇಲೆ ಹಣ ಕೊಡಲಿ.